ಎಡಿನ್‌ಬರೋದ ಹಲಗೆಯ ಮೇಲೆ ನಮ್ಮೂರ ಬಾವಿ

ಎಡಿನ್‌ಬರೋ ಊರಿನ ನಡುವೆ ಒಂದು ಕೋಟೆ ಇದೆ. ನಾನು ಅದನ್ನು ಹತ್ತಲಿಲ್ಲ. ಹತ್ತಿದವರು ಬರೆದದ್ದು ಬೇಕಾದಷ್ಟಿದೆ, ಬೇಕಾದವರು ಅದನ್ನು ಓದಬಹುದು. ಕೋಟೆ ನಿಂತಿರುವ ಬಂಡೆಯನ್ನು ಮಾತ್ರ ಬಸ್ಸಿನ ಕಿಟಕಿಯಿಂದ ಗಮನವಿಟ್ಟು ನೋಡಿದೆ. ಜ್ವಾಲಾಮುಖಿಯಿಂದ ಬಂದ ಕಪ್ಪು ಕಲ್ಲು ಅದು, ಸೊಲ್ಲಾಪುರದ ನಮ್ಮ ಕರಿಗಲ್ಲಿನ ದೂರದ ನೆಂಟ.

ನಾನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಭೂಕಂಪದ ಅಧ್ಯಯನ ಮಾಡುವವರ ಒಂದು ಸಮ್ಮೇಳನಕ್ಕೆ ಹೋಗಿದ್ದೆ. ಆ ದೇಶದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಸಭಾಂಗಣ, ಅದರೊಳಗಿನ ಹಲಗೆಗಳು, ಮತ್ತು ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆಯುವ, ಮಾತಾಡುವ ರೀತಿ. ಅಷ್ಟನ್ನೇ ಇಲ್ಲಿ ಬರೆಯುತ್ತೇನೆ.  

ಲಂಡನ್, ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಸಮ್ಮೇಳನದವರಿಗೆ ತೋರಿಸಲು ತಂದ ಕಲ್ಲಿನ ಚೂರುಗಳು. ಇನ್ನೊಂದರಲ್ಲಿ ಗೆಳತಿ ಶಕ್ಕೂಗೆಂದು ಕಟ್ಟಿದ ಕಡಕ್ ಭಾಕರಿ, ಶೇಂಗಾ ಚಟ್ನಿ. ಜೋಳದ ಭಾಕರಿಯನ್ನು ತೆಳ್ಳಗೆ ಬಡಿದು ಬೇಯಿಸಿ ಒಣಗಿಸಿದರೆ ಹಂಚಿನ ಚೂರಿನಂತೆ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಸುಂಕದ ಅಧಿಕಾರಿ ಎರಡೂ ಗಂಟು ಬಿಚ್ಚಿಸಿದ. ಕಲ್ಲನ್ನು ಬೆರಳಿನಿಂದ ಬಡಿದು ನೋಡಿದ, ಆಮೇಲೆ ಭಾಕರಿಯನ್ನೂ ಬಡಿದು ನೋಡಿದ. ಎರಡರ ಸದ್ದೂ ಒಂದೇ.

"ಇದು ಯಾವ ಕಾಲದ ಶಿಲೆ?" ಎಂದು ಭಾಕರಿ ಎತ್ತಿ ಹಿಡಿದು ಕೇಳಿದ.

"ಮೊನ್ನೆ ಸೋಮವಾರದ್ದು" ಎಂದೆ.

ಅವನು ನಗಲಿಲ್ಲ. ನಾನು ಒಂದು ತುಂಡು ಮುರಿದು ಅವನೆದುರೇ ಕರಕರ ಅಗಿದು ತೋರಿಸಿದೆ. ಆಗ ನಂಬಿದ. ಚಟ್ನಿಯ ಪೊಟ್ಟಣವನ್ನು ಮೂಸಿ ಸೀನಿದ ಮೇಲೆ ಇನ್ನೇನೂ ಕೇಳದೆ ಕಳಿಸಿದ. ನನಗೆ ಆ ಮನುಷ್ಯ ಹಿಡಿಸಿದ. ಕೇಳಿದ, ಕಣ್ಣಾರೆ ನೋಡಿದ, ಆಮೇಲೆ ಒಪ್ಪಿದ. ಮುಂದೆ ಸಮ್ಮೇಳನದಲ್ಲಿ ಇಂಥವರು ಕಡಿಮೆ ಸಿಕ್ಕರು.

ಸಭಾಂಗಣ, ಮೊದಲ ದಿನ

ಅಲ್ಲಿ ಎಲ್ಲರೂ ವೇದಿಕೆ ಹತ್ತಿ ಮಾತಾಡುವುದಿಲ್ಲ. ಹೆಚ್ಚಿನವರಿಗೆ ಒಂದೊಂದು ಮರದ ಹಲಗೆ ಕೊಡುತ್ತಾರೆ. ಟೈಪು ಮಾಡಿದ ಹಾಳೆಗಳನ್ನು ಅದಕ್ಕೆ ಗುಂಡುಪಿನ್ನಿನಿಂದ ಚುಚ್ಚಿ, ಪಕ್ಕದಲ್ಲಿ ನಿಂತುಕೊಳ್ಳಬೇಕು. ಇದಕ್ಕೆ ಪೋಸ್ಟರ್ ಎನ್ನುತ್ತಾರೆ. ಸಾಲಾಗಿ ಹಲಗೆಗಳು, ಪ್ರತಿಯೊಂದರ ಪಕ್ಕದಲ್ಲಿ ಕೈಕಟ್ಟಿ ನಿಂತ ಒಬ್ಬೊಬ್ಬರು. ನನಗೆ ನಮ್ಮೂರ ಚಾದರದ ಅಂಗಡಿಗಳ ಸಾಲು ನೆನಪಾಯಿತು. ಒಂದೇ ವ್ಯತ್ಯಾಸ. ನಮ್ಮ ಅಂಗಡಿಯವರು ಹೋಗಿಬರುವವರನ್ನು "ಬರ್ರಿ, ಬರ್ರಿ" ಎಂದು ಕೂಗಿ ಕರೆಯುತ್ತಾರೆ. ಇಲ್ಲಿ ನೆಲ ನೋಡುತ್ತ ನಿಲ್ಲುವುದು ಮರ್ಯಾದೆ.

ಓದುವವರದೂ ಒಂದು ಪದ್ಧತಿ ಇದೆ. ನಮಸ್ಕಾರವಿಲ್ಲ, ಏನಿಲ್ಲ. ನೇರ ಬಂದು, ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಹಾಳೆಯನ್ನು ಮೊದಲು ಓದುತ್ತಾರೆ. ಯಾರ ಯಾರ ಹಳೆಯ ಲೇಖನಗಳನ್ನು ಬಳಸಿಕೊಂಡಿದ್ದೇವೆ ಎಂಬ ಪಟ್ಟಿ ಅಲ್ಲಿರುತ್ತದೆ. ಅದರಲ್ಲಿ ತಮ್ಮ ಹೆಸರಿದ್ದರೆ ಮೇಲಿನಿಂದ ಓದಲು ಶುರು ಮಾಡುತ್ತಾರೆ, ಇಲ್ಲದಿದ್ದರೆ ಮುಂದೆ ಹೋಗುತ್ತಾರೆ. ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ವರ ಯಾರು ವಧು ಯಾರು ಎಂದು ನೋಡದೆ, ಕೆಳಗೆ ತಮ್ಮ ಹೆಸರು ಅಚ್ಚಾಗಿದೆಯೋ ಇಲ್ಲವೋ ಎಂದು ಹುಡುಕುವ ನಮ್ಮ ಹಿರಿಯರ ಹಾಗೆಯೇ. "ಬಹಳ ಸ್ವಾರಸ್ಯಕರ" ಎಂದರೆ ಒಪ್ಪಿಲ್ಲ ಎಂದು ಅರ್ಥ. "ಇದು ಪ್ರಶ್ನೆಯಲ್ಲ, ಬರೀ ಒಂದು ಅಭಿಪ್ರಾಯ" ಎಂದು ಎದ್ದವರು ಬೇಗ ಕೂರುವುದಿಲ್ಲ. ನಮ್ಮ ನಿವೃತ್ತಿ ಸಮಾರಂಭಗಳಲ್ಲಿಯೂ ಅವರಂಥವರಿದ್ದಾರೆ.

ಬರಹದಲ್ಲಿ ಮನುಷ್ಯರೇ ಇರುವುದಿಲ್ಲ ಎಂಬುದು ಇನ್ನೊಂದು ಪದ್ಧತಿ. ನೀರಿನ ಮಟ್ಟವನ್ನು ದಾಖಲಿಸಲಾಯಿತು, ಬಿರುಕನ್ನು ಗುರುತಿಸಲಾಯಿತು. ಯಾರು ದಾಖಲಿಸಿದರು, ಯಾರು ಹೇಳಿದರು, ಆಗ ಅವರು ಏನು ಮಾಡುತ್ತಿದ್ದರು ಎಂಬುದು ಬರೆಯುವ ಸಂಗತಿಯಲ್ಲ. ನಾನೂ ವರ್ಷಾನುಗಟ್ಟಲೆ ವಿದ್ಯಾರ್ಥಿಗಳಿಗೆ ಹೀಗೇ ಕಲಿಸಿದ್ದೇನೆ. ಇದು ವಿನಯ ಎಂದು ಹೇಳಿಕೊಟ್ಟಿದ್ದೇನೆ.

ನಮ್ಮ ಪೋಸ್ಟರಿನ ಮೊದಲ ಲೇಖಕರು ಪ್ರೊಫೆಸರ್ ಹೋಲ್ಟ್. ನಾನು ಎರಡನೆಯವಳು. ಲಾತೂರು ಕಡೆಯ ಆ ಭೂಕಂಪದ ನಂತರ ಅವರು ಸೊಲ್ಲಾಪುರಕ್ಕೆ ಬಂದಿದ್ದರು. ಇಬ್ಬರೂ ಕೂಡಿ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳನ್ನು ತಿರುಗಿದ್ದೆವು. ಅವರು ಬಿರುಕು ಅಳೆದರು, ನಾನು ಜನರನ್ನು ಕೇಳಿದೆ. ಕನ್ನಡದಲ್ಲಿ, ಮರಾಠಿಯಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಹೋಲ್ಟ್ ಒಳ್ಳೆಯ ಮನುಷ್ಯ. ಅಲ್ಲಿನ ಹಳ್ಳಿಯಲ್ಲಿರುವ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಮನೆಯಲ್ಲಿ ನೆಲದ ಮೇಲೆ ಕೂತು ಉಂಡವರು. ಹಾಳೆಗಳನ್ನು ಅವರ ಪ್ರಯೋಗಾಲಯದಲ್ಲೇ ತಯಾರಿಸಿದ್ದರು. ಲಕೋಟೆ ಒಡೆದು ಒಂದೊಂದೇ ಹಾಳೆ ಹಚ್ಚುತ್ತ ಕೊನೆಯದಕ್ಕೆ ಬಂದೆ. ದಪ್ಪ ಅಕ್ಷರದಲ್ಲಿ ನಿರ್ಣಯ ಬರೆದಿತ್ತು: ಭೂಕಂಪಕ್ಕೆ ಹಲವು ತಾಸು ಮೊದಲೇ ಬಾವಿಗಳ ನೀರು ಏರಿತ್ತು. ಬಾವಿಗಳು ಮುನ್ಸೂಚನೆ ಕೊಡಬಲ್ಲವು.

ಅದು ಸುಳ್ಳು. ಬೇಕಂತಲೇ ಹೇಳಿದ ಸುಳ್ಳಲ್ಲ, ಆದರೂ ಸುಳ್ಳೇ.

ಹೇಗಾಯಿತು ಎಂಬುದನ್ನು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಬೆಳಗಿನ ಜಾವ ಇನ್ನೂ ಹಿಂದಿನ ದಿನದ ರಾತ್ರಿಯೇ. ಭೂಮಿ ನಡುಗಿದ್ದು ಗಣಪತಿ ಕಳಿಸಿದ ಬುಧವಾರದ ನಡುರಾತ್ರಿ ಕಳೆದು, ಇನ್ನೂ ಬೆಳಕು ಹರಿಯುವ ಮೊದಲು. ಭೂಕಂಪ ಅಳೆಯುವ ಯಂತ್ರಗಳ ಲೆಕ್ಕದಲ್ಲಿ ಅದು ಗುರುವಾರ. "ಬುಧವಾರ ರಾತ್ರಿ, ನೆಲ ನಡುಗಿದ ಮೇಲೆ, ನೀರು ಏರಿತು" ಎಂದು ಜನ ಹೇಳಿದರು. ನಾನು ಹಾಗೆಯೇ ಬರೆದುಕೊಟ್ಟೆ. ಕೋಷ್ಟಕ ಮಾಡಿದವರು ದಿನಕ್ಕೆ ಒಂದು ಕಾಲಂ ಮಾಡಿ ಅದರಲ್ಲಿ ಬುಧವಾರ ಎಂದು ತುಂಬಿದರು. "ನೆಲ ನಡುಗಿದ ಮೇಲೆ" ಎಂಬುದಕ್ಕೆ ಕಾಲಂ ಇರಲಿಲ್ಲ. ಭೂಕಂಪದ ದಿನವನ್ನು ಯಂತ್ರದಿಂದ ತೆಗೆದುಕೊಂಡರು, ನೀರಿನ ದಿನವನ್ನು ಜನರ ಬಾಯಿಂದ. ಹೀಗೆ ನೀರು ಭೂಕಂಪಕ್ಕಿಂತ ಮೊದಲು ಬಂದು ಕೂತಿತು. ಏನು ಮಾಡಬೇಕೆಂದು ತೋಚದೆ ಅಂದು ಆ ಹಾಳೆಯನ್ನೂ ಹಚ್ಚಿದೆ.

ಶಕ್ಕೂನ ಮನೆ

ಶಕ್ಕೂ ಸೊಲ್ಲಾಪುರದಲ್ಲಿ ನನ್ನ ಜೊತೆ ಶಾಲೆ ಕಲಿತವಳು. ಈಗ ಎಡಿನ್‌ಬರೋದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಇಳಿದುಕೊಂಡದ್ದು ಅವಳಲ್ಲೇ. ಸಂಜೆ ಅವಳು ಚಹಾದಲ್ಲಿ ಭಾಕರಿ ಅದ್ದಿ ತಿನ್ನುತ್ತಿದ್ದಳು, ನಾನು ನನ್ನ ಬಟ್ಟಲನ್ನು ಮುಟ್ಟಿರಲಿಲ್ಲ.

"ಯಾಕಲೇ ವಸೂ, ಮಾರಿ ಹಿಂಗ್ಯಾಕ ಮಾಡೀದಿ? ಇಲ್ಲಿ ಮಳಿ ನೋಡಿ ಎಲ್ಲಾರಿಗೂ ಹಿಂಗ ಆಗತೈತಿ. ನಾಕು ದಿನ ಆದ ಮ್ಯಾಲ ಮಾರೀನ ಹಂಗ ಉಳೀತೈತಿ."

ನಾನು ಎಲ್ಲ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಬಟ್ಟಲು ಕೆಳಗಿಟ್ಟಳು.

"ಅಗ ಬಾಯಿ! ಬೆಳಗಿನ್ಯಾಗ ಕೋಳಿ ಕೂಗೂತನಾ ಬುಧವಾರನಽ ಅಲ್ಲೇನು? ನಮ್ಮವ್ವ ಹಂಗ ಅಂತಿದ್ಲು. ಇವರಿಗೆ ಅಷ್ಟೂ ತಿಳೀಲಿಲ್ಲ?"

"ಅವರಿಗೆ ಹ್ಯಾಂಗ ತಿಳೀಬೇಕು? ಇಲ್ಲಿ ನಡುರಾತ್ರಿಗೇ ದಿನಾ ಬದಲಾಗತೈತಿ."

"ಹಂಗಾರ ಹೋಗಿ ಹೇಳು. ತಪ್ಪಾತು, ತಿದ್ದೂಣು ಅಂದ್ರ ಮುಗೀತು."

"ತಿದ್ದಿದ್ರ ಪೋಸ್ಟರಿನ್ಯಾಗ ಏನೂ ಉಳಿಯೂದಿಲ್ಲ ಶಕ್ಕೂ. ಭೂಕಂಪ ಆದ ಮ್ಯಾಲ ನೀರು ಏರತಾವ ಅನ್ನೂದು ಎಲ್ಲಾರಿಗೂ ಗೊತ್ತೈತಿ. ಮೊದಲ ಏರಿದ್ವು ಅಂದ್ರಷ್ಟ ಸುದ್ದಿ. ಪ್ರೊಫೆಸರ್ ಸಿಟ್ಟಾಗ್ತಾರ. ನನ್ನ ಹೆಸರ ಹೋಗತೈತಿ."

"ಹೆಸರ ಹೋದ್ರ ಹೋತು. ನಿಂಗೇನ ಅದನ್ನ ಹಚಗೊಂಡು ತಿನ್ನೂದೈತೇನು?"

ಅವಳಿಗೆ ಸುಲಭ ಎಂದು ಒಂದು ಕ್ಷಣ ಕೋಪ ಬಂತು. ನಮ್ಮ ಕಾಲೇಜಿನಿಂದ ಇಂಥ ಕಡೆ ಹೆಸರು ಅಚ್ಚಾದವರು ಯಾರೂ ಇಲ್ಲ. ಪ್ರಾಚಾರ್ಯರು ಬೀಳ್ಕೊಡುವಾಗ ಹಾರ ಹಾಕಿದ್ದರು. ಆದರೆ ನನ್ನ ಕಣ್ಣಮುಂದೆ ಬಂದದ್ದು ಹಾರವಲ್ಲ, ಕಾಕಾನ ಹೆಂಡತಿ, ನಮ್ಮ ಕಾಕು.

ಭೂಕಂಪದ ಮರುವರ್ಷದ ಮಳೆಗಾಲ. ನಾನು ಅಂದು ಕಾಕಾನ ಹಳ್ಳಿಯಲ್ಲೇ ಇದ್ದೆ. ಒಳ್ಳೆಯ ಮಳೆಯಾಗಿ ಬಾವಿ ತುಂಬುತ್ತಿತ್ತು. ಯಾರೋ ಓಡಿಬಂದು "ಬಾವಿ ಏರಾಕತ್ತೈತಿ, ಹೊರಗ ಬರ್ರಿ!" ಎಂದು ಕೂಗಿದರು. ಬಾವಿ ಏರಿದರೆ ಭೂಮಿ ನಡುಗುತ್ತದೆ ಎಂಬ ಮಾತು ಅಷ್ಟರಲ್ಲಿ ಊರೂರು ಸುತ್ತಿತ್ತು. ಇಡೀ ಓಣಿ ಬಾಗಿಲಿಗೆ ನುಗ್ಗಿತು. ನಾನೂ ಓಡಿದೆ. ಸೊಲ್ಲಾಪುರದ ವಿಜಾಪುರ ರಸ್ತೆಯ ನನ್ನ ಮನೆಯಲ್ಲಿ ಭೂಕಂಪದ ಬೆಳಗಿನ ಜಾವ ಪಾತ್ರೆಗಳು ಮಾಡಿದ ಸದ್ದು ನನ್ನ ಕಿವಿಯಲ್ಲೂ ಇತ್ತು. ಕಾಕು ಕಟ್ಟೆಯ ಹಸಿ ಮೆಟ್ಟಿಲಿನಿಂದ ಜಾರಿ ಬಿದ್ದಳು, ಸೊಂಟ ಮುರಿಯಿತು. ಭೂಮಿ ಅಲುಗಲಿಲ್ಲ. ಕಾಕು ಇಂದಿಗೂ ಎದ್ದು ನಡೆಯುವುದಿಲ್ಲ.

ಅಂದು ಅದು ಬಾಯಿಮಾತಾಗಿತ್ತು. ಈ ಹಾಳೆಯಿಂದ ಅದಕ್ಕೆ ವಿಜ್ಞಾನದ ಮೊಹರು ಬೀಳುತ್ತಿತ್ತು, ಮೊಹರಿನ ಕೆಳಗೆ ನನ್ನ ಹೆಸರಿರುತ್ತಿತ್ತು. ಹಲಗೆಯಿಂದ ವಿಜ್ಞಾನದ ಪತ್ರಿಕೆಗೆ, ಪತ್ರಿಕೆಯಿಂದ ನಮ್ಮ ಕಡೆಯ ಪೇಪರಿಗೆ, ಪೇಪರಿನಿಂದ ಪ್ರತಿ ಮಳೆಗಾಲ ಪ್ರತಿ ಬಾವಿಗೆ.

"ನಾಳೆ ಆ ಹಾಳಿ ಕಿತ್ತ ಹಾಕತೀನಿ" ಎಂದೆ.

"ಕಿತ್ತ ಹಾಕು. ಗುಂಡುಪಿನ್ ಚುಚ್ಚಿಸ್ಕೋಬ್ಯಾಡ ಮತ್ತ. ಇಲ್ಲಿ ಆಸ್ಪತ್ರಿಯೊಳಗ ಭಾಳ ಹೊತ್ತು ಪಾಳಿ ಹಚ್ಚಿ ನಿಂದ್ರಬೇಕಾಗತೈತಿ."

ಸಭಾಂಗಣ, ಎರಡನೆಯ ದಿನ

ಕೊನೆಯ ಹಾಳೆಯನ್ನು ತೆಗೆದು ಮಡಚಿ ಚೀಲದಲ್ಲಿಟ್ಟೆ. ಆ ಜಾಗದಲ್ಲಿ ಬೇರೇನೂ ಹಚ್ಚಲಿಲ್ಲ. ಹಲಗೆಯ ಮೇಲೆ ಚೌಕಾಕಾರದ ಬೋಳು ಉಳಿಯಿತು. ಪಕ್ಕದಲ್ಲಿ ನಿಂತೆ. ನೆಲ ನೋಡುವ ಅಲ್ಲಿನ ಮರ್ಯಾದೆಯನ್ನು ಅಂದು ಬಿಟ್ಟೆ, ಬಂದವರ ಮುಖವನ್ನೇ ನೋಡಿದೆ.

ಒಂದು ವಿಚಿತ್ರ ನಡೆಯಿತು. ಹಿಂದಿನ ದಿನ ನಿರ್ಣಯ ಓದಿ ತಲೆಯಾಡಿಸಿ ಹೋಗಿದ್ದವರೂ ಇಂದು ನಿಂತರು. ಬೋಳು ಜಾಗ ತೋರಿಸಿ "ಇಲ್ಲೇನಿತ್ತು?" ಎಂದು ಕೇಳಿದರು. "ತಪ್ಪಿತ್ತು" ಎಂದೆ. ಯಾವ ತಪ್ಪು ಎಂದವರಿಗೆ ಬುಧವಾರದ ಸಂಗತಿ ಹೇಳಿದೆ. ಕೆಲವರು ನಕ್ಕರು, ಕೆಲವರು ನನ್ನ ಎದೆಯ ಮೇಲಿನ ಹೆಸರಿನ ಚೀಟಿ ಓದಿ ಹೋದರು. "ಬಹಳ ಸ್ವಾರಸ್ಯಕರ" ಎಂದವರೂ ಇದ್ದರು.

ಹೋಲ್ಟ್ ಕಾಫಿಯ ಲೋಟ ಹಿಡಿದು ಬಂದರು. "ವಸುಧಾ, ಒಂದು ಹಾಳೆ ಬಿದ್ದುಹೋಗಿದೆ."

"ಬಿದ್ದಿಲ್ಲ, ತೆಗೆದಿದ್ದೇನೆ."

ಹೇಳಿದೆ. ಅವರು ಪೂರ್ತಿ ಕೇಳಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ, ಲೆಕ್ಕ ತಪ್ಪಿದಾಗ ನಮ್ಮೆಲ್ಲರ ಮುಖದಲ್ಲಿ ಕಾಣುವ ಆ ಒಣಕಲು ಬಣ್ಣ. ಅದು ಬೇಗ ಹೋಯಿತು.

"ಹೊತ್ತಿನ ಬಗ್ಗೆ ಸಂಶಯವಿದೆ ಎಂದು ಒಂದು ಸಾಲು ಸೇರಿಸೋಣ" ಎಂದರು.

"ಸಂಶಯ ನಿಮಗಿದೆ. ನೀರು ಸೇದಿದವರಿಗಿಲ್ಲ."

"ಅದು ರೈತನೊಬ್ಬನ ನೆನಪು, ವಸುಧಾ."

"ನೀವು ಹಲಗೆಗೆ ಹಚ್ಚಿದ್ದೂ ಅದೇ ನೆನಪನ್ನು. ಅರ್ಧ ಮಾತ್ರ ಹಚ್ಚಿದ್ದೀರಿ."

ಅವರು ಲೋಟವನ್ನು ಕೈಯಿಂದ ಕೈಗೆ ಬದಲಾಯಿಸಿದರು. ಪೋಸ್ಟರ್ ಎಂದರೆ ಕಚ್ಚಾ ಮಾತು, ಎಲ್ಲರಿಗೂ ಅದು ಗೊತ್ತು ಎಂದರು. ಎಲ್ಲ ಪ್ರಬಂಧಗಳ ಸಾರಾಂಶದ ಪುಸ್ತಕ ಈ ಸಾಲಿನೊಡನೆ ಅಚ್ಚಾಗಿ ಎಲ್ಲರ ಕೈ ಸೇರಿದೆ ಎಂದರು. ನಾಳೆ ವೇದಿಕೆಯ ಮೇಲೆ ಈ ಕೆಲಸದ ಬಗ್ಗೆ ತಾವು ಮಾತಾಡಬೇಕಾಗಿದೆ, ನಿಮ್ಮ ಕಾಲೇಜಿಗೆ ಇದರಿಂದ ಏನಾಗಬಹುದು ಎಂದು ಸ್ವಲ್ಪ ಯೋಚಿಸಿ ಎಂದರು. ಒಂದೂ ಮಾತು ಗಡುಸಾಗಿರಲಿಲ್ಲ. ಅವರ ಭಾಷೆಯಲ್ಲಿ ಬೆದರಿಕೆಗೂ ವಿನಯದ ಅಂಗಿ ತೊಡಿಸುತ್ತಾರೆ.

"ನಾಳೆ ನೀವೇ ಹೇಳಿ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ" ಎಂದೆ.  

ಸಭಾಂಗಣ, ಕೊನೆಯ ದಿನ

ಹೋಲ್ಟ್ ಹೇಳಲಿಲ್ಲ. ಗಾಜಿನಂಥ ಹಾಳೆಗಳ ಮೇಲಿನ ಚಿತ್ರಗಳು ಒಂದೊಂದಾಗಿ ಪರದೆಯ ಮೇಲೆ ಬಿದ್ದವು. ಬಿರುಕುಗಳು ಬಂದವು, ಕುಸಿದ ಗೋಡೆಗಳು ಬಂದವು. ಕೊನೆಗೆ ನಮ್ಮ ಕಾಕಾನ ಬಾವಿ ಬಂತು, ಊರಿನ ಅರ್ಧದಷ್ಟು ದೊಡ್ಡದಾಗಿ. "ಭೂಕಂಪಕ್ಕೆ ಮೊದಲೇ ನೀರು ಏರಿತ್ತು ಎಂದು ವರದಿಯಾಗಿದೆ. ಹೊತ್ತಿನ ಬಗ್ಗೆ ಕೆಲವು ಪ್ರಶ್ನೆಗಳಿವೆ" ಎಂದರು. ಪ್ರಶ್ನೆಗಳಿವೆ, ಆದರೆ ಯಾರದೂ ಅಲ್ಲ. ವರದಿಯಾಗಿದೆ, ಆದರೆ ಯಾರೂ ಹೇಳಿಲ್ಲ.

ಅಧ್ಯಕ್ಷರು "ಪ್ರಶ್ನೆಗಳು?" ಎಂದರು. ಪ್ರಶ್ನೆ ಕೇಳುವವರು ನಡುವಿನ ದಾರಿಯಲ್ಲಿದ್ದ ಮೈಕಿನ ಹತ್ತಿರ ಹೋಗಿ ಮೊದಲು ಹೆಸರು, ಊರು ಹೇಳಬೇಕೆಂಬುದು ಅಲ್ಲಿನ ನಿಯಮ. ನನ್ನ ಸೀರೆಯ ಸೆರಗು ಕುರ್ಚಿಯ ಹಿಡಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಹೋಗುವುದರೊಳಗೆ ಇಡೀ ಸಭೆ ನನ್ನತ್ತ ತಿರುಗಿತ್ತು.

"ನನ್ನ ಹೆಸರು ವಸುಧಾ. ಸೊಲ್ಲಾಪುರದಿಂದ ಬಂದಿದ್ದೇನೆ. ಈ ಪ್ರಬಂಧದ ಎರಡನೆಯ ಲೇಖಕಿ."

ಸಭೆ ನಕ್ಕಿತು. ತನ್ನ ಪ್ರಬಂಧಕ್ಕೆ ತಾನೇ ಪ್ರಶ್ನೆ ಕೇಳುವವರನ್ನು ಅವರು ನೋಡಿರಲಿಕ್ಕಿಲ್ಲ.

"ಪ್ರೊಫೆಸರ್ ಹೋಲ್ಟ್ ಅವರಿಗೆ ಒಂದು ಪ್ರಶ್ನೆ. ನಾವು ವಿಚಾರಿಸಿದ ಹಳ್ಳಿಗಳಲ್ಲಿ ದಿನ ಯಾವಾಗ ಶುರುವಾಗುತ್ತದೆ?"

ಮತ್ತೆ ನಗು. ಹೋಲ್ಟ್ ನಗಲಿಲ್ಲ. ನೀರು ಕುಡಿದರು. "ನ್ಯಾಯವಾದ ಪ್ರಶ್ನೆ. ನಾವು ನಡುರಾತ್ರಿ ಎಂದು ಹಿಡಿದಿದ್ದೆವು" ಎಂದರು.

"ಈ ಸಂಗತಿಯನ್ನು ಲೇಖಕರಿಬ್ಬರೂ ಕಾಫಿ ಕುಡಿಯುತ್ತ ಬಗೆಹರಿಸಿಕೊಳ್ಳಬಹುದು" ಎಂದರು ಅಧ್ಯಕ್ಷರು. ಕೂತುಕೊಳ್ಳಿ ಎಂಬುದನ್ನು ಅಲ್ಲಿ ಹೀಗೆ ಹೇಳುತ್ತಾರೆ.

ನಾನು ಕೂರಲಿಲ್ಲ. "ಪುಸ್ತಕ ಎಲ್ಲರ ಚೀಲದಲ್ಲಿದೆ. ಆದ್ದರಿಂದ ಎಲ್ಲರೆದುರೇ ಹೇಳಬೇಕು" ಎಂದೆ. "ಅಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಆ ಜನರ ಪಾಲಿಗೆ ನೀರು ಏರಿದ್ದು ಬುಧವಾರ, ಭೂಮಿ ನಡುಗಿದ್ದೂ ಬುಧವಾರವೇ. ನೀರು ಏರಿದ್ದು ಆಮೇಲೆ. ಇದನ್ನು ನನಗೆ ಹೇಳಿದವರು ನನ್ನ ಚಿಕ್ಕಪ್ಪ. ನೆಲ ನಡುಗಿದ ಮೇಲೆ ಎಮ್ಮೆಗೆ ನೀರು ಸೇದಲು ಹೋಗಿ ಅವರು ನೋಡಿದರು. ಅವರನ್ನು ಕೇಳಿದವಳು ನಾನು. ದಯವಿಟ್ಟು ಪುಸ್ತಕದಲ್ಲಿ ನಮ್ಮ ಪುಟದ ಕೊನೆಯ ಸಾಲನ್ನು ಹೊಡೆದುಹಾಕಿ. ಆ ಸಾಲನ್ನು ನಂಬಿ ಜನ ಮನೆಯಿಂದ ಓಡುತ್ತಾರೆ. ಓಡುವಾಗ ಬೀಳುತ್ತಾರೆ."

ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಎಲ್ಲೋ ಹಿಂದಿನ ಸಾಲಿನಲ್ಲಿ ಹಾಳೆ ತಿರುವಿದ ಸದ್ದು ಕೇಳಿತು. ಅವರು ಸಾಲು ಹೊಡೆದುಹಾಕಿದರೋ, ಮುಂದಿನ ಭಾಷಣದ ಪುಟ ಹುಡುಕಿದರೋ, ನಾನು ನೋಡಲಿಲ್ಲ. ನೋಡದ್ದನ್ನು ಹೇಳುವುದಿಲ್ಲ.  ಹೊರಗೆ ಬಂದಾಗ ಒಬ್ಬ ಹಿರಿಯರು "ಬಹಳ ಧೈರ್ಯ ನಿಮ್ಮದು" ಎಂದು ಹೇಳಿ, ನನ್ನ ಮೇಜಿಗೆ ಬಾರದೆ ಬೇರೆ ಮೇಜಿಗೆ ಹೋಗಿ ಕೂತರು.

ಹೋಲ್ಟ್ ಬಾಗಿಲಲ್ಲಿ ಸಿಕ್ಕರು. "ಖಾಸಗಿಯಾಗಿ ಹೇಳಬಹುದಿತ್ತು."

"ನಿನ್ನೆ ಹೇಳಿದೆನಲ್ಲ."

ಅವರು ತಲೆಯಾಡಿಸಿದರು. ಕೈ ಕುಲುಕಿದರು. ಆ ಕೈಯಲ್ಲಿ ಸಿಟ್ಟಿತ್ತೋ ಇಲ್ಲವೋ ಹೇಳಲಾರೆ. ತಣ್ಣಗಿತ್ತು.

ಅಕ್ಕಲಕೋಟೆ ತಾಲೂಕು, ಕಾಕಾನ ಮನೆ

ಊರಿಗೆ ಬಂದ ಮೇಲೆ ಹೋಲ್ಟರ ಪತ್ರ ಬಂತು. "ಮೊದಲೇ ಏರಿದ್ದೂ ಇರಬಹುದು" ಎಂಬಷ್ಟಕ್ಕೆ ನಾನು ಒಪ್ಪಿದರೆ ಪ್ರಬಂಧವನ್ನು ಪತ್ರಿಕೆಗೆ ಕಳಿಸುವುದಾಗಿ ಬರೆದಿದ್ದರು. ಆ ಮಾತಿರುವ ಪ್ರಬಂಧದಲ್ಲಿ ನನ್ನ ಹೆಸರೂ ಬೇಡ, ನಾನು ಕೇಳಿ ಬರೆದ ಯಾವ ಬಾವಿಯೂ ಬೇಡ ಎಂದು ಉತ್ತರಿಸಿದೆ. ಬಹಳ ದಿನದ ಮೇಲೆ ಪ್ರಬಂಧ ಅಚ್ಚಾಗಿ ಬಂತು. ಬಿರುಕುಗಳಿವೆ, ಗೋಡೆಗಳಿವೆ. ಬಾವಿಯ ಸಾಲಿಲ್ಲ. ನನ್ನ ಹೆಸರೂ ಇಲ್ಲ. ಪ್ರಾಚಾರ್ಯರು "ಹೀಗಾದರೆ ಮುಂದೆ ಯಾರು ಕರೆಯುತ್ತಾರೆ?" ಎಂದರು. ಕರೆಯದಿರಲಿ. ಹೋದ ಹೆಸರಿಗಾಗಿ ನಾನು ಅತ್ತಿಲ್ಲ. ಮತ್ತೆ ಕರೆದರೂ ಇದನ್ನೇ ಹೇಳುತ್ತೇನೆ.

ಪ್ರಬಂಧ ತೆಗೆದುಕೊಂಡು ಹಳ್ಳಿಗೆ ಹೋದೆ. ಕಾಕಾ ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇದರಾಗ ನಮ್ಮ ಬಾವಿ ಎಲ್ಲೈತಿ?"

"ಇಲ್ಲ ಕಾಕಾ. ತೆಗಿಸಿದೆ."

"ನಿನ್ನ ಹೆಸರ?"

"ಅದೂ ಹೋತು."

"ಬರೋಬ್ಬರಿ. ಮಂದಿ ಹೆಸರ ಮಾಡಾಕ ವಿಲಾಯತಿಗೆ ಹೋಗ್ತಾರ, ನಮ್ಮ ಹುಡುಗಿ ಕಳಕೊಂಡು ಬರಾಕ ಹೋಗ್ಯಾಳ."

ಒಳಗೆ ಹಾಸಿಗೆಯಲ್ಲಿದ್ದ ಕಾಕು ಕೂಗಿದಳು: "ಸುಮ್ಕ ಕೂಡ್ರಿ ನೀವು. ವಸೂ, ಬಾವಿ ಏರಿದ್ರ ಭೂಮಿ ನಡಗತೈತೋ ಇಲ್ಲೋ, ಅದನ್ನಷ್ಟ ಹೇಳವಾ."

"ಭೂಮಿ ಇನ್ನ ನಡಗೂದಿಲ್ಲ ಅಂತ ನಾ ಹೇಳೂದಿಲ್ಲ ಕಾಕು. ಅದು ಯಾರಿಗೂ ಗೊತ್ತಿಲ್ಲ. ನಮ್ಮ ಬಾವಿ ನಮಗ ಮೊದಲ ಏನೂ ಹೇಳಿಲ್ಲ. ಅದನ್ನ ನೋಡಿ ಓಡಬ್ಯಾಡ್ರಿ. ಇಷ್ಟ ನನಗ ಗೊತ್ತಿರೂದು."

ಕಾಕಾ ನನ್ನನ್ನು ನೋಡಿದರು. "ಇಷ್ಟ ಹೇಳಾಕ ಅಷ್ಟು ದೂರ ಹೋಗಿದ್ದೇನು?"

"ಹೂಂ ಕಾಕಾ" ಎಂದೆ. "ಇಷ್ಟ ಹೇಳಾಕ."